ಮೂರು ಪ್ರಶ್ನೆಗಳ ಮಹನೀಯ: ಟಿ. ವಿ. ಸುಂದರಂ ಅಯ್ಯಂಗಾರ್

ಮೌಂಟ್ ರೋಡೆಂದು ನಾವು ಕರೆಯುತ್ತಿದ್ದ ಇಂದಿನ ಅಣ್ಣಾ ಸಾಲೈಯಲ್ಲಿ ಸಂಜೆಯ ಹೊತ್ತು ನಿಂತರೆ, ಮೈ ಚಿಕ್ಕದಾಗಿದ್ದು ನೆಲದಿಂದ ತುಸು ಎತ್ತರಕ್ಕೆ ನಿಂತಿರುವ ಹೊಸ ಮಾದರಿಯ ವಿಲಾಸದ ಮೋಟಾರುಗಳು ಸಾಲುಸಾಲಾಗಿ ಸಾಗುವುದನ್ನು ಕಾಣುತ್ತೇವೆ. ಈ ಜಾತಿಯ ಎಕ್ಸ್ ಒನ್ ಎಂಬ ಗಾಡಿಯನ್ನು ನಮ್ಮ ಚೆನ್ನೈಗೆ ಸಮೀಪದ ಸಿಂಗಪೆರುಮಾಳ್ ಕೋಯಿಲ್ ಬಳಿ, 2007ರಲ್ಲಿ ಆರಂಭವಾದ ಬಿ.ಎಂ.ಡಬ್ಲ್ಯು. ಕಾರ್ಖಾನೆಯಲ್ಲಿ ಜೋಡಿಸುತ್ತಾರೆ. ಕೊಳ್ಳುವ ಶ್ರೀಮಂತರು ಕೇಳುವ ಪ್ರಶ್ನೆಗಳು ಮೂರು: ಗಾಡಿ ಹೇಗೆ ಓಡುತ್ತದೆ? ಒಳಗೆ ಕುಳಿತವರಿಗೆ ಸುಖವಿದೆಯೇ? ಅಪಘಾತವಾದರೆ ಪ್ರಾಣ ಉಳಿದೀತೇ? ಇದೇ ಮೂರು ಪ್ರಶ್ನೆಗಳನ್ನು, ಕೆಲವೇ ಆಣೆಗಳನ್ನು ಕೊಟ್ಟು ಬಸ್ಸು ಹತ್ತುವ ಬಡ ಪ್ರಯಾಣಿಕನ ಪರವಾಗಿ ಒಂದು ಶತಮಾನದ ಹಿಂದೆಯೇ ಕೇಳಿದ ಮಹನೀಯರೊಬ್ಬರು ಈ ತೆಂಕಣ ನಾಡಿನಲ್ಲಿದ್ದರು. ಅವರೇ ಟಿ. ವಿ. ಸುಂದರಂ ಅಯ್ಯಂಗಾರರು.

ಅಯ್ಯಂಗಾರರು ಜನಿಸಿದುದು 1877ರಲ್ಲಿ, ತಿರುನೆಲ್ವೇಲಿ ಸೀಮೆಯ ತಿರುಕ್ಕುರುಂಗುಡಿ ಎಂಬ ಕ್ಷೇತ್ರದಲ್ಲಿ. ಮಗನು ವಕೀಲನಾಗಬೇಕೆಂಬುದು ತಂದೆಯವರ ಅಭಿಲಾಷೆ. ಅದರಂತೆ ಅವರು ಕೆಲಕಾಲ ವಕೀಲಿ ವೃತ್ತಿಯಲ್ಲಿದ್ದರು. ಅನಂತರ ರೈಲ್ವೆಯಲ್ಲಿ, ಬಳಿಕ ಬ್ಯಾಂಕಿನಲ್ಲಿ ನೌಕರಿ ಮಾಡಿದರು. ತಿಂಗಳ ಸಂಬಳದ ನೆಮ್ಮದಿ ಎಂತಹುದೆಂಬುದನ್ನು ಗುಮಾಸ್ತರಾದ ನಮ್ಮ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ಆ ನೆಮ್ಮದಿಯನ್ನು ತೊರೆದು, 1911ರಲ್ಲಿ, ತಮ್ಮ ಮೂವತ್ತನಾಲ್ಕರ ವಯಸ್ಸಿನಲ್ಲಿ, ಅವರು ತಮ್ಮ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷವೇ ಬಸ್ಸು ಸಂಚಾರವನ್ನು ಆರಂಭಿಸಿದರು. ಮಧುರೆಯೇ ಅವರ ಕರ್ಮಭೂಮಿಯಾಯಿತು.

ಆಗಿನ ರಸ್ತೆಗಳನ್ನು ಇಂದು ಊಹಿಸುವುದೂ ಕಷ್ಟ. ಎತ್ತಿನ ಗಾಡಿ ಮತ್ತು ಜಟಕಾಗಳೇ ಜನರ ವಾಹನ. ಎತ್ತು ಕುದುರೆಗಳ ಲಾಳದಿಂದ ಕಳಚಿ ಬಿದ್ದ ಮೊಳೆಗಳು ದಾರಿಯುದ್ದಕ್ಕೂ ಚೆಲ್ಲಿರುತ್ತಿದ್ದವು. ಗಾಳಿ ತುಂಬಿದ ಟಯರಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಅಡಿಗಡಿಗೆ ಟಯರು ಒಡೆದರೆ ಹೊತ್ತು ತಪ್ಪುತ್ತದೆ. ಓಡುತ್ತಿರುವಾಗಲೇ ಒಡೆದರೆ ಪ್ರಾಣಕ್ಕೇ ಸಂಚಕಾರ. ಅಯ್ಯಂಗಾರರ ಸಂಸ್ಥೆಯವರು ಅಯಸ್ಕಾಂತವನ್ನು ಕಟ್ಟಿದ ಗಾಡಿಯೊಂದನ್ನು ಬಸ್ಸುಗಳಿಗಿಂತ ಮುಂಚೆ ರಸ್ತೆಯಲ್ಲಿ ಓಡಿಸಿ ಮೊಳೆಗಳನ್ನು ಆರಿಸಿಬಿಡುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಪ್ರಯಾಣಿಕನು ಬಸ್ಸು ಹತ್ತುವುದಕ್ಕೆ ಮೊದಲೇ ಅವನ ಸುರಕ್ಷತೆಯ ಕೆಲಸ ಆರಂಭವಾಗಬೇಕೆಂಬ ತತ್ತ್ವ ಇದರಲ್ಲಿ ಅಡಗಿದೆ.

ಅವರ ಬಸ್ಸುಗಳ ಎರಡನೆಯ ಗುಣ ಸಮಯಪಾಲನೆ. ಟಿ.ವಿ.ಎಸ್. ಬಸ್ಸು ಬಂದುದನ್ನು ಕಂಡು ಜನರು ತಮ್ಮ ಗಡಿಯಾರವನ್ನು ಸರಿಪಡಿಸಿಕೊಳ್ಳುತ್ತಿದ್ದರೆಂಬ ಮಾತು ಮಧುರೆಯ ಕಡೆ ಮನೆಮಾತಾಗಿದೆ. ಮೋಟಾರಿನ ಓಟವನ್ನು ಕೇವಲ ವೇಗದಿಂದ ಅಳೆಯುವವರು ಇದನ್ನು ಗಮನಿಸಬೇಕು. ಇಂದು ಅತಿ ವೇಗವಾಗಿ ಬಂದು ನಾಳೆ ನಡುದಾರಿಯಲ್ಲಿ ನಿಂತುಬಿಡುವ ಗಾಡಿಗಿಂತ, ನಿತ್ಯವೂ ಹೇಳಿದ ಹೊತ್ತಿಗೆ ಬರುವ ಗಾಡಿಯೇ ಉತ್ತಮವಾದುದು. ಅಂತಹ ಓಟ ಎಂಜಿನ್ನಿನಿಂದ ಮಾತ್ರ ಬರುವುದಿಲ್ಲ. ಶೆಡ್ಡಿನಲ್ಲಿ ರಾತ್ರಿಯೆಲ್ಲ ಎಣ್ಣೆ ಹಾಕಿ, ತಿರುಪು ಬಿಗಿದು, ಸವೆದ ಭಾಗವನ್ನು ಬದಲಿಸುವ ಕೆಲಸಗಾರನ ಶ್ರದ್ಧೆಯಿಂದ ಬರುತ್ತದೆ. ಬೆಳಗಿನ ಜಾವಕ್ಕೆ ಇಡ್ಲಿಯ ಹಬೆ ಏಳಬೇಕಾದರೆ ಹಿಂದಿನ ದಿನವೇ ಹಿಟ್ಟು ರುಬ್ಬಿರಬೇಕೆಂಬುದನ್ನು ಬಲ್ಲ ನಮ್ಮ ಹೋಟೆಲಿನ ಬಂಧುಗಳಿಗೆ ಈ ಮಾತು ಬೇಗನೆ ಅರ್ಥವಾದೀತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಅಭಾವ ಬಂದಿತು. ಅನೇಕರ ಗಾಡಿಗಳು ಮೂಲೆ ಸೇರಿದವು. ಆಗ ಅಯ್ಯಂಗಾರರ ಸಂಸ್ಥೆಯು ಇದ್ದಿಲಿನಿಂದ ಅನಿಲವನ್ನು ಉತ್ಪಾದಿಸುವ ಯಂತ್ರವನ್ನು ತಯಾರಿಸಿತು. ಇದ್ದಿಲನ್ನು ಮಿತವಾದ ಗಾಳಿಯಲ್ಲಿ ಉರಿಸಿದಾಗ ಹುಟ್ಟುವ ಅನಿಲವನ್ನು ತಣಿಸಿ, ಸೋಸಿ, ಎಂಜಿನ್ನಿಗೆ ಕೊಡುವುದು ಇದರ ಕ್ರಮ. ಪೆಟ್ರೋಲಿನಷ್ಟು ಶಕ್ತಿ ಇದರಲ್ಲಿಲ್ಲ. ಏರುದಾರಿಯಲ್ಲಿ ಗಾಡಿ ತಿಣುಕುತ್ತದೆ. ಆದರೆ ಬಸ್ಸು ನಿಲ್ಲಲಿಲ್ಲ. ಸವೆದ ಟಯರುಗಳಿಗೆ ಹೊಸ ರಬ್ಬರಿನ ಮೈ ಕೊಡುವ ಕಾರ್ಖಾನೆಯನ್ನೂ ಅವರು ನಡೆಸಿದರು. ಮದರಾಸಿನಲ್ಲಿ ಅವರ ಸಂಸ್ಥೆಯ ಶಾಖೆಗಳಾಗಿ ಮದರಾಸ್ ಆಟೋ ಸರ್ವಿಸ್, ಸುಂದರಂ ಮೋಟಾರ್ಸ್ ಬೆಳೆದವು.

ಯಂತ್ರಗಳ ವಿಷಯದಲ್ಲಿ ಇಷ್ಟು ಮುಂದಾಲೋಚನೆಯುಳ್ಳವರ ಮನೆಯಲ್ಲಿ ಸಂಪ್ರದಾಯವೂ ಗಟ್ಟಿಯಾಗಿಯೇ ಇದ್ದಿತು. ಅವರ ಮಗಳು ಸೌಂದರಂ ಬಾಲ್ಯದಲ್ಲಿಯೇ ವಿವಾಹವಾಗಿ, ವೈದ್ಯರಾಗಿದ್ದ ಪತಿ ಪ್ಲೇಗಿನಿಂದ ತೀರಿಕೊಂಡಾಗ ಎಳೆಯ ವಯಸ್ಸಿನಲ್ಲೇ ವಿಧವೆಯಾದರು. ತಾಯಿತಂದೆಯರು ಆಕೆಯನ್ನು ಮೂಲೆಯಲ್ಲಿ ಕೂರಿಸಲಿಲ್ಲ. ದೆಹಲಿಗೆ ಕಳುಹಿಸಿ ವೈದ್ಯಶಾಸ್ತ್ರವನ್ನು ಓದಿಸಿದರು. ಆದರೆ ಆಕೆ ಬೇರೆ ಜಾತಿಯ ಜಿ. ರಾಮಚಂದ್ರನ್ ಅವರನ್ನು ಮದುವೆಯಾಗಲು ಬಯಸಿದಾಗ ಮನೆಯವರು ಒಪ್ಪಲಿಲ್ಲ. 1940ರಲ್ಲಿ ಸೇವಾಗ್ರಾಮದಲ್ಲಿ ಗಾಂಧೀಜಿಯವರ ಸನ್ನಿಧಿಯಲ್ಲಿ ಆ ವಿವಾಹ ನೆರವೇರಿತು. ಈ ದಂಪತಿಗಳೇ 1947ರಲ್ಲಿ ದಿಂಡಿಗಲ್ ಬಳಿ ಗಾಂಧಿಗ್ರಾಮವನ್ನು ಕಟ್ಟಿದವರು. ಮಹನೀಯರ ಚರಿತ್ರೆಯನ್ನು ಬರೆಯುವಾಗ ಇಂತಹ ಸಂಗತಿಯನ್ನು ಮರೆಮಾಡುವುದು ಸಲ್ಲದೆಂದು ನಾವು ಭಾವಿಸುತ್ತೇವೆ. ಹೊಸ ದಾರಿಯಲ್ಲಿ ಬಸ್ಸು ಓಡಿಸುವುದಕ್ಕಿಂತ ಹೊಸ ದಾರಿಯಲ್ಲಿ ಮನಸ್ಸನ್ನು ಓಡಿಸುವುದು ಕಷ್ಟ.

ಅಯ್ಯಂಗಾರರು ವ್ಯವಹಾರವನ್ನು ಮಕ್ಕಳಿಗೆ ವಹಿಸಿ, 1955ರ ಏಪ್ರಿಲಿನಲ್ಲಿ ಕೊಡೈಕಾನಲ್‌ನಲ್ಲಿ ಕಾಲವಾದರು. ಅವರ ಬಸ್ಸುಗಳನ್ನು 1970ರ ದಶಕದ ಆರಂಭದಲ್ಲಿ ಸರಕಾರವು ವಹಿಸಿಕೊಂಡಿತು. ಆದರೆ ಅವರ ಮೂರು ಪ್ರಶ್ನೆಗಳು ಚೆನ್ನೈಯ ಪಾಡಿಯಲ್ಲಿ ಕಾರ್ಖಾನೆಗಳ ರೂಪವನ್ನು ತಾಳಿದವು. 1960ರಲ್ಲಿ ಚಕ್ರಗಳಿಗಾಗಿ ವೀಲ್ಸ್ ಇಂಡಿಯಾ, 1962ರಲ್ಲಿ ಬ್ರೇಕುಗಳಿಗಾಗಿ ಬ್ರೇಕ್ಸ್ ಇಂಡಿಯಾ ಮತ್ತು ಸುಂದರಂ ಕ್ಲೇಟನ್ ಹುಟ್ಟಿದವು. ಭಾರವಾದ ಬಸ್ಸನ್ನು ಚಾಲಕನ ಕಾಲಿನ ಬಲವೊಂದೇ ನಿಲ್ಲಿಸಲಾರದು. ಒತ್ತಿ ತುಂಬಿಟ್ಟ ಗಾಳಿಯು ಆ ಕೆಲಸವನ್ನು ಮಾಡುತ್ತದೆ. ಅಂತಹ ಬ್ರೇಕುಗಳನ್ನು ನಮ್ಮ ನಗರದಲ್ಲಿಯೇ ಮಾಡಿದ ಸಂಸ್ಥೆ ಸುಂದರಂ ಕ್ಲೇಟನ್.

ಈಗ ಮೋಟಾರುಗಳನ್ನು ಪರೀಕ್ಷಿಸಲು ಚೆನ್ನೈ ಬಳಿಯ ಒರಗಡಂನಲ್ಲಿ ದೊಡ್ಡ ಕೇಂದ್ರವೇ ಇದೆ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ಕ್ರಮವೂ ಬಂದಿದೆ. ಇದರಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಢಿಕ್ಕಿ ಹೊಡೆಸಿ, ಒಳಗಿನ ಬೊಂಬೆಗಳಿಗೆ ಆದ ಪೆಟ್ಟನ್ನು ಅಳೆದು ನಕ್ಷತ್ರಗಳನ್ನು ಕೊಡುತ್ತಾರೆ. ಇದು ಒಳ್ಳೆಯದೇ. ಆದರೆ ಈ ನಕ್ಷತ್ರಗಳು ಕಾರಿನಲ್ಲಿ ಕುಳಿತವರಿಗಾಗಿ. ಮುಂಜಾವದಲ್ಲಿ ಹೋಟೆಲಿಗೆ, ಹತ್ತು ಗಂಟೆಗೆ ಕಚೇರಿಗೆ, ಬಸ್ಸಿನ ಮೆಟ್ಟಿಲ ಮೇಲೆ ಒಂದೇ ಕಾಲೂರಿ ಹೋಗುವವರು ನಮ್ಮವರಲ್ಲಿ ಅನೇಕರಿದ್ದಾರೆ. ಓಟ, ಸುಖ, ಸುರಕ್ಷತೆ ಎಂಬ ಮೂರೂ ಅವರಿಗೂ ಸಲ್ಲತಕ್ಕವು. ಕಡಮೆ ಹಣ ಕೊಟ್ಟವನ ಪ್ರಾಣ ಕಡಮೆ ಬೆಲೆಯದಲ್ಲವೆಂದು ಅರಿತು, ಅವನ ದಾರಿಯ ಮೊಳೆಗಳನ್ನು ಮೊದಲೇ ಆರಿಸಿದವರೆಂದೇ ನಾವು ಅಯ್ಯಂಗಾರರನ್ನು ಇಂದು ಸ್ಮರಿಸುತ್ತೇವೆ.