ಮಣ್ಣಿನಲ್ಲಿ ಮದ್ದನ್ನು ಅರಸಿದವರು

ಕೂಡ್ಲಿಗಿ, ಕೊಟ್ಟೂರು ಸೀಮೆಯ ರೈತರು ಜೋಳದ ತೆನೆಗೆ ತಗಲುವ ಕಾಡಿಗೆ ರೋಗವನ್ನು ಚೆನ್ನಾಗಿ ಬಲ್ಲರು. ಅದನ್ನುಂಟುಮಾಡುವುದು ಶಿಲೀಂಧ್ರ. ನಮ್ಮ ಚರ್ಮದಲ್ಲಿ ಹುಳುಕಡ್ಡಿಯನ್ನು ಉಂಟುಮಾಡುವವೂ ಅದೇ ವರ್ಗದ ಬೇರೆ ಜೀವಿಗಳು. ಇವುಗಳ ಅಧ್ಯಯನಕ್ಕೆ ಬಾಳನ್ನು ಮೀಸಲಿಟ್ಟ ಎಂ. ಜೆ. ತಿರುಮಲಾಚಾರ್ಯರು 1914ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜನಿಸಿದರು.

ಮೊದಲು ಅವರ ಮನಸ್ಸನ್ನು ಸೆಳೆದವು ಸಸ್ಯರೋಗಗಳು. ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತು ಮುಂಡ್ಕೂರರೊಡನೆ ರಚಿಸಿದ ಗ್ರಂಥ 1952ರಲ್ಲಿ ಹೊರಬಂದಿತು. ತರುವಾಯ ಅವರು ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯ ಸಂಶೋಧನಾಲಯವನ್ನು ಸೇರಿದರು.

ಅಲ್ಲಿ ಎದುರಾದ ಸಮಸ್ಯೆ ಕಠಿನವಾದುದು. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಪೆನಿಸಿಲಿನ್ನಿನ ಆಟ ಶಿಲೀಂಧ್ರದ ಮೇಲೆ ನಡೆಯದು. ಶಿಲೀಂಧ್ರದ ಜೀವಕೋಶವೋ ಬಹುಮಟ್ಟಿಗೆ ನಮ್ಮ ಜೀವಕೋಶವನ್ನೇ ಹೋಲುವುದರಿಂದ, ಅದಕ್ಕೆ ವಿಷವಾದುದು ನಮಗೂ ವಿಷವಾಗಬಹುದು. ತಿರುಮಲಾಚಾರ್ಯರೂ ಅವರ ಸಹೋದ್ಯೋಗಿಗಳೂ ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ, ಬೆಳೆಸಿ, ಪರೀಕ್ಷಿಸಿದರು. ಅವುಗಳಲ್ಲೊಂದು ಸ್ರವಿಸುತ್ತಿದ್ದ ವಸ್ತು ಶಿಲೀಂಧ್ರನಾಶಕವಾಗಿತ್ತು. 1961ರಲ್ಲಿ ಅದರ ವಿವರ ಪ್ರಕಟವಾಯಿತು. ಜೀವಿಗೆ ಊರಿನ ಹೆಸರಿನಿಂದ ಸ್ಟ್ರೆಪ್ಟೋಮೈಸಿಸ್ ಪಿಂಪ್ರಿನ ಎಂದೂ ಮದ್ದಿಗೆ ಸಂಸ್ಥೆಯ ಹೆಸರಿನಿಂದ ಹ್ಯಾಮೈಸಿನ್ ಎಂದೂ ನಾಮಕರಣವಾಯಿತು. ಸಂಶೋಧಕರ ಹೆಸರು ಎರಡರಲ್ಲಿಯೂ ಇಲ್ಲ. ಈ ಮದ್ದು ಶಿಲೀಂಧ್ರದ ಕೋಶಪೊರೆಯನ್ನು ಹಿಡಿದು ಭೇದಿಸಿ, ಒಳಗಿನ ದ್ರವ್ಯವು ಸೋರಿಹೋಗುವಂತೆ ಮಾಡುತ್ತದೆ. ನೀರಿನಲ್ಲಿ ಕರಗದ ಕಾರಣ ರಕ್ತವನ್ನು ಸುಲಭವಾಗಿ ಸೇರದು. ಆದುದರಿಂದ ಚರ್ಮ, ಬಾಯಿಗಳ ರೋಗಕ್ಕೆ ಒದಗಿದಷ್ಟು ಒಳಗಿನ ರೋಗಕ್ಕೆ ಒದಗಲಿಲ್ಲ.

ಅದೇ ಸಂಶೋಧನಾಲಯದ ಆರಿಯೊಫಂಗಿನ್ ಎಂಬ ಮದ್ದನ್ನು ಬೆಳೆಗಳ ರೋಗಕ್ಕೆ ಬಳಸಲಾಯಿತು. ಸಸ್ಯದ ಕಾಯಿಲೆಯಿಂದ ಮನುಷ್ಯನ ಕಾಯಿಲೆಯತ್ತ ಸಾಗಿದ್ದ ಕೆಲಸ ಹೀಗೆ ಮತ್ತೆ ಹೊಲಕ್ಕೆ ಮರಳಿತು. ತಿರುಮಲಾಚಾರ್ಯರು 1999ರಲ್ಲಿ ಕಾಲವಾದರು.