ದೇವನಹಳ್ಳಿಯವನ ಹಡಗುಗಳು

ನಮ್ಮ ಕ್ಲಾಸಿನ ಒಬ್ಬ ಎನ್‌ಸಿಸಿ ನೇವಲ್ ವಿಂಗ್‌ನಲ್ಲಿದ್ದಾನೆ. ಬಿಳಿ ಯೂನಿಫಾರ್ಮ್ ಹಾಕ್ಕೊಂಡು ಬಂದ ದಿನ, ಯಲಹಂಕ ಕೆರೆ ಕಾಯೋಕೆ ಹೊರಟ್ಯಾ ಅಂತ ನಾವೆಲ್ಲ ರೇಗಿಸ್ತೀವಿ. ಸಮುದ್ರವೇ ಇಲ್ಲದ ಊರಲ್ಲಿ ನೇವಿ ಯಾಕೆ ಅನ್ನೋದು ನಮ್ಮ ಜೋಕು. ಆದರೆ ಇಲ್ಲಿಂದ ಏರ್‌ಪೋರ್ಟ್ ರೋಡಲ್ಲಿ ಮುಂದೆ ಹೋದರೆ ಸಿಗೋ ದೇವನಹಳ್ಳಿಯಲ್ಲಿ ಹುಟ್ಟಿದ ಒಬ್ಬ, ಹಡಗಿನಲ್ಲಿ ಯಾರ ಮೇಲೆ ಯಾರು ಅಂತ 1796ರಲ್ಲೇ ಬರೆಸಿದ್ದ. ಅವನು ಟಿಪ್ಪು ಸುಲ್ತಾನ್.

ರಾಕೆಟ್ ಕಥೆ ನಮಗೆಲ್ಲ ಗೊತ್ತು, ಅದನ್ನ ಬಿಡೋಣ. ಹಡಗಿನ ಕಥೆ ಅವನ ಅಪ್ಪ ಹೈದರಾಲಿಯಿಂದ ಶುರುವಾಗುತ್ತೆ. ಹೈದರ್ ಕರಾವಳಿಯಲ್ಲಿ ಹಡಗು ಕಟ್ಟಿಸಿದ, ಆದರೆ ಅವುಗಳ ಮುಖ್ಯಸ್ಥನಾಗಿ ನೇಮಿಸಿದ್ದು ಲುತ್ಫ್ ಅಲಿ ಬೇಗ್ ಅನ್ನೋ ಕುದುರೆ ಸವಾರ ಪಡೆಯ ಅಧಿಕಾರಿಯನ್ನ! ಕಡಲಲ್ಲೇ ಬದುಕಿದ್ದ ಕ್ಯಾಪ್ಟನ್‌ಗಳಿಗೆ ಇದು ಹಿಡಿಸಲಿಲ್ಲ. 1768ರಲ್ಲಿ ಬೊಂಬಾಯಿಯಿಂದ ಇಂಗ್ಲಿಷರು ದಾಳಿಗೆ ಬಂದಾಗ ಅವರು ಹಡಗುಗಳ ಸಮೇತ ಆ ಕಡೆ ಸೇರಿಬಿಟ್ಟರು. ಟಿಪ್ಪು ಆಗ ಹೆಚ್ಚುಕಮ್ಮಿ ನಮ್ಮ ವಯಸ್ಸಿನವನು. ಮತ್ತೆ ಕಟ್ಟಿದ ಹಡಗುಗಳನ್ನ 1780ರಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಲ್ಲಿ ನಾಶ ಮಾಡಿದ.

1782ರ ಕೊನೆಗೆ ಹೈದರ್ ಸತ್ತು ಟಿಪ್ಪು ಪಟ್ಟಕ್ಕೆ ಬಂದ. 1784ರಲ್ಲಿ ಮಂಗಳೂರು ಒಪ್ಪಂದ ಆಯ್ತು. ಅದೇ ವರ್ಷ ಕರಾವಳಿಯ ಕ್ರೈಸ್ತರನ್ನ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅಲ್ಲಿಯವರಿಗೂ ಕೊಡಗಿನವರಿಗೂ ಅವನ ನೆನಪು ಇವತ್ತಿಗೂ ನೋವಿನದ್ದೇ. ಇದನ್ನ ಮುಚ್ಚಿಟ್ಟು ಬರೆಯೋಕೆ ನಮಗೆ ಇಷ್ಟ ಇಲ್ಲ.

1792ರಲ್ಲಿ ಸೋತು ಅರ್ಧ ರಾಜ್ಯ ಕೊಟ್ಟ, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ. ಮಲಬಾರ್ ಕೈಬಿಟ್ಟು ಹೋಯ್ತು. ಬೊಂಬಾಯಿಯ ಸೈನ್ಯ ಆ ಕರಾವಳಿಯಲ್ಲೇ ಇಳಿದು ಮೇಲೆ ಹತ್ತಿ ಬಂದಿತ್ತು. ಕಡಲು ಕೈಯಲ್ಲಿ ಇಲ್ಲದಿದ್ದರೆ ಶ್ರೀರಂಗಪಟ್ಟಣದ ಕೋಟೆ ಎಷ್ಟು ಗಟ್ಟಿ ಇದ್ದರೂ ಸಾಲದು ಅಂತ ಅವನಿಗೆ ಅರ್ಥವಾಗಿರಬೇಕು, ಇದು ನಮ್ಮ ಊಹೆ.

1796ರ ಯೋಜನೆಯಲ್ಲಿ 40 ಹಡಗು: 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್. ಮೇಲುಗಡೆ 11 ಜನ ಮೀರ್ ಯಮ್‌ಗಳ ಮಂಡಳಿ. ಮೀರ್ ಅಂದ್ರೆ ಮುಖ್ಯಸ್ಥ, ಯಮ್ ಅಂದ್ರೆ ಅರಬ್ಬಿಯಲ್ಲಿ ಸಮುದ್ರ, ನಮ್ಮ ಯಮ ಅಲ್ಲ! ಅವರ ಕೆಳಗೆ 30 ಮೀರ್ ಬಹ್ರ್‌ಗಳು. ಬಹ್ರ್ ಅಂದ್ರೂ ಸಮುದ್ರಾನೇ. ನಮಗೆ ತುಂಬ ಹಿಡಿಸಿದ್ದು ಹಡಗಿನ ಒಳಗಿನ ವ್ಯವಸ್ಥೆ. ಒಂದೊಂದು ಹಡಗಿಗೆ ನಾಲ್ವರು ಸರ್ದಾರರು. ಮೊದಲನೆಯವನದು ಇಡೀ ಹಡಗಿನ ಹೊಣೆ, ಎರಡನೆಯವನದು ಫಿರಂಗಿ ಮತ್ತು ಮದ್ದು, ಮೂರನೆಯವನದು ಬಂದೂಕಿನ ಸಿಪಾಯಿಗಳು, ನಾಲ್ಕನೆಯವನದು ಹಾಯಿ, ನಾವಿಕರು, ಹಡಗು ನಡೆಸೋ ಕೆಲಸ. ಯಾರ ಮಾತು ಎಲ್ಲಿ ನಡೆಯುತ್ತೆ ಅನ್ನೋದು ಮೊದಲೇ ಸ್ಪಷ್ಟ. ಅಪ್ಪನ ಕಾಲದಲ್ಲಿ ಹಡಗುಗಳನ್ನ ಕಳೆದದ್ದು ಇದೇ ಜಾಗದಲ್ಲಿ ತಾನೇ? ಆದರೂ ಹಡಗು ಗೊತ್ತಿರೋನನ್ನ ನಾಲ್ಕನೇ ಜಾಗದಲ್ಲಿ ಇಟ್ಟಿದ್ದು ನಮಗೆ ಸರಿ ಕಾಣಲಿಲ್ಲ.

ಹಡಗು ಕಟ್ಟೋ ಜಾಗಗಳಲ್ಲಿ ಮಂಗಳೂರು ಒಂದು, ಕಾರವಾರದ ಸದಾಶಿವಗಡ ಇನ್ನೊಂದು. ಯೋಜನೆಗೆ ಸಿಕ್ಕಿದ್ದು ಮೂರೇ ವರ್ಷ. 1799 ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಾ ಸತ್ತ. 40 ಹಡಗು ಆಗಲೇ ಇಲ್ಲ, ಕರಾವಳಿ ಕಂಪನಿಯ ಪಾಲಾಯ್ತು.

ಕಾರವಾರದಲ್ಲಿ ಈಗ ಐಎನ್‌ಎಸ್ ಕದಂಬ ಇದೆ, 2005ರಿಂದ. ನಮ್ಮ ಎನ್‌ಸಿಸಿಯವನಿಗೆ ಅದನ್ನ ನೋಡೋ ಆಸೆ. ಈ ಭಾನುವಾರ ಮಾತ್ರ ದೇವನಹಳ್ಳಿ ಬಸ್ ಹತ್ತಿಸ್ತಿದ್ದೀವಿ.