ಕೇಡಗಾಂವದ ಪಂಡಿತಾ ರಮಾಬಾಯಿ

ಪುಣೆಯಿಂದ ಸೋಲಾಪುರ, ಕಲಬುರ್ಗಿಗಳ ಕಡೆಗೆ ಹೊರಟ ನಮ್ಮವರಿಗೆ ಕೇಡಗಾಂವ ಎಂಬುದು ದೌಂಡಕ್ಕಿಂತ ಮೊದಲು ಬಂದುಹೋಗುವ ಒಂದು ಸಣ್ಣ ನಿಲ್ದಾಣ. ಅಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇದೆಯೆಂಬುದನ್ನು ಅನೇಕರು ಬಲ್ಲರು. ಆ ಮಹಿಳೆ ಹುಟ್ಟಿದ್ದು ನಮ್ಮ ಸಹ್ಯಾದ್ರಿಯ ಕಾಡಿನಲ್ಲಿ ಎಂಬುದನ್ನು ಬಲ್ಲವರು ಕಡಿಮೆ. ವಿಧವೆಯರಿಗಾಗಿ ಅವರು ಪಟ್ಟ ಶ್ರಮದ ವಿಷಯ ಶಾಲೆಯ ಪುಸ್ತಕಗಳಲ್ಲಿಯೂ ಬಂದಿದೆ. ಕ್ರೈಸ್ತರೊಳಗಿನ ಪಂಗಡಭೇದವನ್ನು ಒಪ್ಪದೆ ಅವರು ಬಾಳಿದ ಬಗೆ ಮಾತ್ರ ಅಷ್ಟಾಗಿ ಪ್ರಸಿದ್ಧವಲ್ಲ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳ ಎಂಬ ಗ್ರಾಮದವರು, ಮನೆಮಾತು ಮರಾಠಿ. ಹೆಂಡತಿಗೆ ಸಂಸ್ಕೃತ ಕಲಿಸಹೊರಟದ್ದು ಬಂಧುಬಳಗಕ್ಕೆ ಸರಿಬೀಳಲಿಲ್ಲ. ಶಾಸ್ತ್ರಿಗಳು ಸಂಸಾರವನ್ನು ಕಟ್ಟಿಕೊಂಡು, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿಗೆ ನಡೆದರು. 1858ರ ಏಪ್ರಿಲ್ 23ರಂದು ರಮಾಬಾಯಿ ಅಲ್ಲಿ ಹುಟ್ಟಿದರು. ತಾಯಿ ಲಕ್ಷ್ಮೀಬಾಯಿಯೇ ಅವರಿಗೆ ಗುರು. ಮುಂದೆ ಪುರಾಣ ಹೇಳುತ್ತ ತೀರ್ಥಕ್ಷೇತ್ರಗಳನ್ನು ಸುತ್ತಿದ ಈ ಸಂಸಾರಕ್ಕೆ ಬರಗಾಲ ಬಡಿಯಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಲೆದಾಟದಲ್ಲಿ ಕನ್ನಡ, ಹಿಂದುಸ್ತಾನಿ, ಬಂಗಾಳಿ ಭಾಷೆಗಳು ಬಾಯಿಗೆ ಬಂದವು. 1878ರಲ್ಲಿ ಅಣ್ಣನೊಡನೆ ಕಲ್ಕತ್ತೆಯನ್ನು ಸೇರಿದಾಗ ಅಲ್ಲಿನ ವಿದ್ವಾಂಸರು ಅವರನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಬಂಗಾಳದ ವಕೀಲ ಬಿಪಿನಬಿಹಾರಿ ಮೇಧಾವಿಯವರನ್ನು ಮದುವೆಯಾಗಿ ಎರಡು ವರ್ಷಗಳೊಳಗೆ ವಿಧವೆಯಾದರು. 1882ರಲ್ಲಿ ಕೈಗೂಸು ಮನೋರಮೆಯನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು.

ಪುಣೆಯಲ್ಲಿ ಆಂಗ್ಲಿಕನ್ ಸಭೆಯ ವಾಂಟೇಜ್ ಸೋದರಿಯರ ಪರಿಚಯವಾಯಿತು. (ಪ್ರಾಟೆಸ್ಟಂಟರು ತಮ್ಮ ಧರ್ಮಸಂಘವನ್ನು ಸಭೆಯೆಂದೇ ಕರೆಯುವುದು ವಾಡಿಕೆ.) ಅವರ ನೆರವಿನಿಂದ ಇಂಗ್ಲಂಡಿಗೆ ಹೋಗಿ, 1883ರ ಸೆಪ್ಟೆಂಬರ 29ರಂದು ವಾಂಟೇಜಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು. ದೀಕ್ಷೆಯಾದ ಮೇಲೆ ಈ ಹೆಣ್ಣು ಹೇಳಿದಂತೆ ಕೇಳುವಳೆಂದು ಎಣಿಸಿದವರಿಗೆ ನಿರಾಶೆ ಕಾದಿತ್ತು. ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡೀನರೊಡನೆ ನಡೆದ ಪತ್ರವ್ಯವಹಾರವೆಲ್ಲ ವಾದವೇ. ತ್ರಿತ್ವದ ಸಿದ್ಧಾಂತವನ್ನು ಅಥನಾಸಿಯಸನ ಮತಪ್ರಮಾಣ ಹೇಳುವಂತೆ ಒಪ್ಪಲು ರಮಾಬಾಯಿ ಸಿದ್ಧರಿರಲಿಲ್ಲ. ಕೊರಳ ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ತನ್ನ ದೇಶದ ಸಂಸ್ಕೃತವೇಕಾಗದು ಎಂದು ಕೇಳಿದರು. ಚೆಲ್ಟನಹ್ಯಾಮಿನ ಕಾಲೇಜಿನಲ್ಲಿದ್ದಾಗ ಗಂಡಸರಿಗೆ ಪಾಠ ಹೇಳಿಕೊಡುವ ಮಾತು ಬಂದು, ಮುಂಬಯಿ, ಲಾಹೋರಗಳ ಬಿಷಪ್ಪರು ಅದು ತರವಲ್ಲವೆಂದಾಗ, ಆ ಅಪ್ಪಣೆಯನ್ನೂ ಅವರು ಸುಮ್ಮನೆ ಶಿರಸಾವಹಿಸಲಿಲ್ಲ. ತಾನು ಕ್ರಿಸ್ತನ ಸಭೆಗೆ ಸೇರಿದವಳು ನಿಜ, ಆದರೆ ಪಾದ್ರಿ ಬಿಷಪ್ಪರ ಪ್ರತಿಯೊಂದು ಮಾತಿಗೂ ಕಟ್ಟುಬಿದ್ದವಳಲ್ಲ ಎಂಬುದು ಅವರ ನಿಲುವಾಗಿತ್ತು. ಒಬ್ಬನೇ ಕ್ರಿಸ್ತನ ಹೆಸರಿನಲ್ಲಿ ಇಷ್ಟೊಂದು ಪಂಗಡಗಳು ಪರಸ್ಪರ ತಪ್ಪು ಹೊರಿಸುತ್ತಿರುವುದನ್ನು ಕಂಡು ಅವರ ಮನಸ್ಸು ಗೊಂದಲಕ್ಕೀಡಾಯಿತು. ಶೈವ, ವೈಷ್ಣವ, ಸ್ಮಾರ್ತ ವಾದಗಳ ನಡುವೆ ಬೆಳೆದವರಿಗೆ ಇದು ಹೊಸದೇನಲ್ಲ; ಅದನ್ನು ಬಿಟ್ಟುಬಂದ ಮೇಲೂ ಅದೇ ಕಾಣಿಸಿಕೊಂಡರೆ ಬೇಸರವಾಗದಿದ್ದೀತೆ?

1886ರಲ್ಲಿ ಅಮೇರಿಕೆಗೆ ಹೋದರು. ಮರುವರ್ಷ ಬೋಸ್ಟನ್ನಿನಲ್ಲಿ ಸ್ಥಾಪಿತವಾದ ರಮಾಬಾಯಿ ಸಂಘಕ್ಕೆ ಯುನಿಟೇರಿಯನ್ ಪಂಗಡದ ಎಡ್ವರ್ಡ್ ಎವರೆಟ್ ಹೇಲ್ ಅಧ್ಯಕ್ಷರು. ಎಪಿಸ್ಕೋಪಲ್ ಸಭೆಯ ಫಿಲಿಪ್ಸ್ ಬ್ರೂಕ್ಸ್, ಕಾಂಗ್ರಿಗೇಶನಲ್ ಸಭೆಯವರೊಬ್ಬರು, ಮೆಥಡಿಸ್ಟರ ಫ್ರಾನ್ಸಿಸ್ ವಿಲ್ಲರ್ಡ್ ಉಪಾಧ್ಯಕ್ಷರು. ಒಂದೇ ವೇದಿಕೆಯಲ್ಲಿ ನಿಂತು ಪ್ರಾರ್ಥಿಸಲು ಹಿಂಜರಿಯಬಹುದಾಗಿದ್ದವರು ಭಾರತದ ವಿಧವೆಯರ ಶಾಲೆಗಾಗಿ ಕೂಡಿ ಕುಳಿತರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ತೆರೆದ ಶಾರದಾ ಸದನವು ಮರುವರ್ಷ ಪುಣೆಗೆ ಬಂತು. ಅಲ್ಲಿ ಮತಬೋಧೆ ಕೂಡದೆಂಬುದು ಕರಾರು. ಆದರೆ ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಹುಡುಗಿಯರು ಬಂದು ಕೂಡುತ್ತಿದ್ದರು. ಪುಣೆಯಲ್ಲಿ ಕೋಲಾಹಲವೆದ್ದಿತು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೇ ಸಲಹಾಸಮಿತಿಯನ್ನು ಬಿಟ್ಟರು. ಇಲ್ಲಿ ಆಕೆ ಅತಿ ಕ್ರೈಸ್ತಳು. ವಾಂಟೇಜಿನವರ ಕಣ್ಣಿಗೆ ಸಾಕಷ್ಟು ಕ್ರೈಸ್ತಳಲ್ಲ. ಪೋಷಕರ ಆತಂಕಕ್ಕೆ ಕಾರಣವಿಲ್ಲದಿರಲಿಲ್ಲ; ಮಗಳನ್ನು ಓದಲು ಕಳಿಸಿದವರು ಮತಾಂತರಕ್ಕೆ ಒಪ್ಪಿ ಕಳಿಸಿರಲಿಲ್ಲವಲ್ಲ.

1896-97ರ ಬರಗಾಲದಲ್ಲಿ ರಮಾಬಾಯಿಯವರು ಮಧ್ಯಪ್ರಾಂತಕ್ಕೆ ಹೋಗಿ, ಹಸಿದು ಬಿದ್ದಿದ್ದ ಹೆಣ್ಣುಮಕ್ಕಳನ್ನು ಕೇಡಗಾಂವದ ಹೊಲಕ್ಕೆ ಕರೆತಂದರು. ಮುಕ್ತಿ ಬೆಳೆದದ್ದು ಹೀಗೆ. ಕೆಲವೇ ವರ್ಷಗಳಲ್ಲಿ ಅಲ್ಲಿನವರ ಸಂಖ್ಯೆ ಸಾವಿರ ಮೀರಿತು. ಒಕ್ಕಲುತನ, ನೇಯ್ಗೆ, ಎಣ್ಣೆಗಾಣ, ಮುದ್ರಣ ಎಲ್ಲವೂ ಹೆಂಗಸರ ಕೈಯಲ್ಲಿಯೇ ನಡೆಯಿತು. ದೊಡ್ಡ ದೇವಾಲಯವನ್ನು ಕಟ್ಟಿದರು. ಅದನ್ನು ಯಾವ ಪಂಗಡಕ್ಕೂ ಬರೆದುಕೊಡಲಿಲ್ಲ. ಮೆಥಡಿಸ್ಟ್ ಮಿಷನಿನಿಂದ ಬಂದ ಮಿನ್ನಿ ಅಬ್ರಮ್ಸರೊಂದಿಗೆ ಬೇರೆ ಬೇರೆ ದೇಶ, ಬೇರೆ ಬೇರೆ ಸಭೆಗಳ ಸೇವಕಿಯರು ಅಲ್ಲಿ ದುಡಿದರು. 1905ರಲ್ಲಿ ಹುಡುಗಿಯರು ಅಳುತ್ತ, ಕೂಗುತ್ತ ಪ್ರಾರ್ಥಿಸತೊಡಗಿದಾಗ ಕೆಲವು ಪಾದ್ರಿಗಳು ಹುಬ್ಬು ಗಂಟಿಕ್ಕಿದರು. ರಮಾಬಾಯಿ ಅದನ್ನು ತಡೆಯಲಿಲ್ಲ. ಅದರ ಹೆಸರಿನಲ್ಲಿ ಹೊಸ ಪಂಗಡವನ್ನೂ ಕಟ್ಟಲಿಲ್ಲ. ಹಸಿದವರಿಗೆ ಅನ್ನವಿಕ್ಕುವಾಗ ಆಂಗ್ಲಿಕನ್, ಮೆಥಡಿಸ್ಟ್ ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ಹಾಗೆಂದು ಮುಕ್ತಿಯ ಐಕ್ಯ ನಿಂತದ್ದು ಬಹುಮಟ್ಟಿಗೆ ಒಬ್ಬಳ ಮಾತಿನ ಮೇಲೆ ಎಂಬುದನ್ನು ಮರೆಯಲಾಗದು. ಸಭೆಗಳು ಕೂಡಬೇಕಾದರೆ ಆ ದಾರಿ ಸಾಲದು. ದೀರ್ಘಕಾಲದ ಮಾತುಕತೆಯಾದ ಬಳಿಕವೇ 1947ರ ಸೆಪ್ಟೆಂಬರ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತದ ಐಕ್ಯಸಭೆಯೂ, 1970ರ ನವೆಂಬರ 29ರಂದು ನಾಗಪುರದಲ್ಲಿ ಉತ್ತರ ಭಾರತದ್ದೂ ಉದಯಿಸಿದವು. ನಮ್ಮ ಗುರುವಾರ ಪೇಟೆಯ ಪಂಚಹೌದದ ಆಂಗ್ಲಿಕನ್ ದೇವಾಲಯ ಈಗ ಆ ಎರಡನೆಯದಕ್ಕೆ ಸೇರಿದೆ. ಮುಕ್ತಿ ತನ್ನ ಪಾಡಿಗೆ ತಾನಿದೆ.

ಕೊನೆಯ ಹತ್ತು ಹನ್ನೆರಡು ವರ್ಷಗಳಲ್ಲಿ, ಆಗ ನಿಜಾಮರ ಸೀಮೆಯಲ್ಲಿದ್ದ ಕಲಬುರ್ಗಿಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು; ಮನೋರಮಾಬಾಯಿ ಅದರ ಹೊಣೆ ಹೊತ್ತರು. ಹುಟ್ಟಿದ ನಾಡಿನ ಋಣ ಹೀಗೆ ಬೇರೊಂದು ಮೂಲೆಯಲ್ಲಿ ಸಂದಿತು ಎನ್ನಬೇಕು. ರಮಾಬಾಯಿಯವರಿಗೆ ಉಳಿದಿದ್ದುದು ಬೈಬಲ್ಲಿನ ಕೆಲಸ. ಆಗಿನ ಮರಾಠಿ ಅನುವಾದ ಹಳ್ಳಿಯ ಹೆಂಗಸರಿಗೆ ತಿಳಿಯದೆಂದು, ಹಿಬ್ರೂ, ಗ್ರೀಕ್ ಕಲಿತು, ಇಡೀ ಗ್ರಂಥವನ್ನು ಆಡುಮಾತಿಗೆ ಹತ್ತಿರದ ಮರಾಠಿಗೆ ತಂದರು. ಯಾವ ಸಭೆಯ ಸಮಿತಿಯೂ ಒಪ್ಪಿಗೆಯ ಮುದ್ರೆ ಒತ್ತಬೇಕಾಗಿರಲಿಲ್ಲ. ಮೊಳೆ ಜೋಡಿಸಿದವರು ಮುಕ್ತಿಯ ಹುಡುಗಿಯರೇ. 1921ರ ಜುಲೈಯಲ್ಲಿ ಮಗಳು ತೀರಿಕೊಂಡಳು. ತಾಯಿ ಕರಡಚ್ಚುಗಳನ್ನು ತಿದ್ದುತ್ತ ಕುಳಿತರು. ಆ ಕೆಲಸ ಮುಗಿದ ಸ್ವಲ್ಪದರಲ್ಲಿಯೇ, 1922ರ ಏಪ್ರಿಲ್ 5ರಂದು, ಕೇಡಗಾಂವದಲ್ಲಿ ಕಣ್ಣುಮುಚ್ಚಿದರು. ಗ್ರಂಥ 1924ರಲ್ಲಿ ಹೊರಬಂತು.